ಸಹಾಯ ಬೇಕು: ಶೇಂಗಾ ಹಾಲಿನ ಮೊಸರು ಸರಿಯಾಗಿ ಹೆಪ್ಪುಗಟ್ಟುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿರುವ ನಾನು 8 ತಿಂಗಳ ಹಿಂದೆ ಹಾಲು, ಮೊಸರು, ತುಪ್ಪ, ಜೇನುತುಪ್ಪ ಎಲ್ಲವನ್ನೂ ಬಿಟ್ಟು ವೀಗನ್ ಆಹಾರಕ್ಕೆ ಬದಲಾಗಿದ್ದೇನೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಉಣ್ಣುವ ಊರಿನಲ್ಲಿ ಇದು ಕಷ್ಟವಾಗಲಾರದು ಎಂದುಕೊಂಡಿದ್ದೆ. ಬೆಣ್ಣೆ ದೋಸೆಯನ್ನೂ ಬಿಟ್ಟೆ. ಆದರೆ ಮೊಸರನ್ನವಿಲ್ಲದೆ ಎದ್ದರೆ ಹೊಟ್ಟೆ ತುಂಬಿದರೂ ಉಂಡ ಸಮಾಧಾನವಿಲ್ಲ, ಮತ್ತು ನನ್ನ ತಟ್ಟೆಗೆ ಮಜ್ಜಿಗೆ ಬಡಿಸಲಾಗದೆ ಅವ್ವ ಸೌಟು ಹಿಡಿದು ಸುಮ್ಮನೆ ನಿಲ್ಲುವುದನ್ನು ನೋಡಿದಾಗ ನಿಜಕ್ಕೂ ಸಂಕಟವಾಗುತ್ತದೆ. (ಸಸ್ಯಮೂಲದ ಆಹಾರದಿಂದ ಬಿ12 ಜೀವಸತ್ವ ಸಾಕಷ್ಟು ಸಿಗುವುದಿಲ್ಲವಾದ್ದರಿಂದ ವೈದ್ಯರು ಹೇಳಿದ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ, ಆ ಬಗ್ಗೆ ಗೊಂದಲವಿಲ್ಲ.)

ಹಾಗಾಗಿ ಒಂದು ಲೋಟ ಶೇಂಗಾವನ್ನು ರಾತ್ರಿಯಿಡೀ ನೆನೆಸಿ, ಸಿಪ್ಪೆ ತೆಗೆದು, 4 ಲೋಟ ನೀರಿನೊಂದಿಗೆ ರುಬ್ಬಿ, ಬಟ್ಟೆಯಲ್ಲಿ ಸೋಸಿ, ಕುದಿಸಿ, ಉಗುರುಬೆಚ್ಚಗಾದ ಮೇಲೆ ಹೆಪ್ಪಿಗೆ ಬದಲಾಗಿ ಹಸಿಮೆಣಸಿನಕಾಯಿಯ 6 ತೊಟ್ಟುಗಳನ್ನು ಹಾಕಿಡುತ್ತಿದ್ದೇನೆ. ಹತ್ತು ಗಂಟೆಗಳ ನಂತರ ಮೇಲೆ ಬೆರಳಿನಷ್ಟು ದಪ್ಪದ ಕೆನೆಯಂಥ ಪದರ ನಿಲ್ಲುತ್ತದೆ, ಕೆಳಗೆ ಬರೀ ತಿಳಿನೀರು. ಹುಳಿ ಬರುತ್ತದೆ, ಆದರೆ ಹಸಿ ಶೇಂಗಾದ ವಾಸನೆ ಹೋಗುವುದಿಲ್ಲ. ಮಣ್ಣಿನ ಕುಡಿಕೆಯಲ್ಲಿ ಇಟ್ಟು ನೋಡಿದೆ, ತೊಟ್ಟುಗಳನ್ನು ಹೆಚ್ಚಿಸಿಯೂ ನೋಡಿದೆ. ಐದು ಸಲವೂ ಹೀಗೇ ಆಯಿತು.

ತಪ್ಪು ನೀರಿನ ಅಳತೆಯಲ್ಲಿದೆಯೋ, ಕುದಿಸುವ ಹೊತ್ತಿನಲ್ಲಿದೆಯೋ ತಿಳಿಯುತ್ತಿಲ್ಲ. ಮನೆಯಲ್ಲಿ ಶೇಂಗಾ ಮೊಸರು ಮಾಡಿ ಯಶಸ್ವಿಯಾದವರು, ಒಂದು ಲೋಟ ಶೇಂಗಾಕ್ಕೆ ಎಷ್ಟು ನೀರು ಹಾಕಬೇಕು ಮತ್ತು ಹಾಲನ್ನು ಎಷ್ಟು ಹೊತ್ತು ಕುದಿಸಬೇಕು ಎಂಬುದನ್ನು ದಯವಿಟ್ಟು ತಿಳಿಸುವಿರಾ?