ಹೆಸರನ್ನು ಬಿಟ್ಟ ಕೆಮ್ನಿಟ್ಸ್ ಮಾರ್ಕ್ಸನ ತಲೆಯನ್ನು ಉಳಿಸಿಕೊಂಡದ್ದು ಸರಿಯೇ?

ರಾಘವೇಂದ್ರ: ಪೂರ್ವ ಜರ್ಮನಿಯ ಕೆಮ್ನಿಟ್ಸ್ ನಗರಕ್ಕೆ 1953ರಲ್ಲಿ ಅಂದಿನ ಕಮ್ಯುನಿಸ್ಟ್ ಸರ್ಕಾರ ‘ಕಾರ್ಲ್ ಮಾರ್ಕ್ಸ್ ಸ್ಟಾಟ್’ ಎಂದು ಹೆಸರಿಟ್ಟಿತು. 1990ರ ಮತದಾನದಲ್ಲಿ ಮುಕ್ಕಾಲು ಪಾಲು ಜನ ಹಳೆಯ ಹೆಸರೇ ಬೇಕೆಂದರು. ಟ್ರಿಯರ್‌ನಲ್ಲಿ ಹುಟ್ಟಿ ಲಂಡನ್ನಿನಲ್ಲಿ ತೀರಿಕೊಂಡ ಮಾರ್ಕ್ಸನಿಗೂ ಆ ಊರಿಗೂ ಹೇಳಿಕೊಳ್ಳುವಂಥ ನಂಟಿರಲಿಲ್ಲ. ಜವಳಿ ಗಿರಣಿಗಳಿಂದಲೂ ಹಾರ್ಟ್‌ಮನ್ನನ ರೈಲು ಎಂಜಿನ್ ಕಾರ್ಖಾನೆಯಿಂದಲೂ ‘ಸ್ಯಾಕ್ಸನಿಯ ಮ್ಯಾಂಚೆಸ್ಟರ್’ ಎನಿಸಿಕೊಂಡಿದ್ದ, 1932ರಲ್ಲಿ ಆಟೋ ಯೂನಿಯನ್ ಎಂಬ ಕಾರು ಕಂಪನಿ ಹುಟ್ಟಿದ ನಗರವು, 1971ರಲ್ಲಿ ಸೋವಿಯತ್ ಶಿಲ್ಪಿ ಲೆವ್ ಕೆರ್ಬೆಲ್ ರೂಪಿಸಿದ ಏಳು ಮೀಟರ್ ಎತ್ತರದ ಕಂಚಿನ ತಲೆಯನ್ನು ಇಂದಿಗೂ ತನ್ನ ಗುರುತಾಗಿ ಮೆರೆಸುವುದು ನನಗೆ ಒಪ್ಪಿಗೆಯಿಲ್ಲ.

ವೀಣಾ: ರಾಘವೇಂದ್ರರೇ, ಇಲ್ಲಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಓದುತ್ತಿರುವ ನಾನು ದಿನವೂ ಆ ತಲೆಯ ಮುಂದೆ ಹಾದುಹೋಗುತ್ತೇನೆ. ಹಿಂದಿನ ಗೋಡೆಯ ಮೇಲೆ ‘ಜಗತ್ತಿನ ಕಾರ್ಮಿಕರೇ ಒಂದಾಗಿ’ ಎಂಬ ಮಾತು ನಾಲ್ಕು ಭಾಷೆಗಳಲ್ಲಿದೆ. ಕೆಳಗಿನ ಪೀಠದ ಬಳಿ ಹುಡುಗರು ಸ್ಕೇಟ್‌ಬೋರ್ಡ್ ಆಡುತ್ತಿರುತ್ತಾರೆ. ಊರಿನವರು ಅದನ್ನು ‘ನಿಶೆಲ್’ ಎನ್ನುತ್ತಾರೆ, ಅವರ ಆಡುಮಾತಿನಲ್ಲಿ ತಲೆ ಎಂದಷ್ಟೇ ಅರ್ಥ. ಸರ್ಕಾರ ಹೇರಿದ್ದನ್ನು ಜನ ಹೀಗೆ ತಮ್ಮದಾಗಿಸಿಕೊಂಡ ಮೇಲೆ ಅದನ್ನು ಹೇರಿಕೆ ಎಂದು ಹೇಗೆ ಕರೆಯುವುದು?

ಪ್ರಸನ್ನ: ವೀಣಾ ಅವರೇ, 2018ರ ಆಗಸ್ಟಿನಲ್ಲಿ ಒಬ್ಬರ ಕೊಲೆಯಾದ ಮರುದಿನ ವಲಸಿಗರ ವಿರುದ್ಧ ಬಲಪಂಥೀಯ ಉಗ್ರರು ಸೇರಿದ್ದೂ ಅದೇ ತಲೆಯ ಮುಂದೆಯೇ. ಜಗತ್ತು ಕೆಮ್ನಿಟ್ಸ್ ಅನ್ನು ಗುರುತಿಸಿದ್ದು ಆ ಚಿತ್ರಗಳಿಂದ. ಒಂದು ವಾರದ ಬಳಿಕ ಜನಾಂಗದ್ವೇಷದ ವಿರುದ್ಧ ನಡೆದ ಸಂಗೀತ ಕಾರ್ಯಕ್ರಮಕ್ಕೆ ಸುಮಾರು 65,000 ಜನ ಬಂದದ್ದನ್ನು ನೆನೆಯುವವರು ಕಡಿಮೆ.

ರಾಘವೇಂದ್ರ: ನನ್ನ ಆತಂಕವೂ ಅದೇ. ಎರಡು ಜರ್ಮನಿಗಳ ಏಕೀಕರಣದ ನಂತರ ಕಾರ್ಖಾನೆಗಳು ಸಾಲುಸಾಲಾಗಿ ಮುಚ್ಚಿ, ದುಡಿಯುವ ವಯಸ್ಸಿನವರು ಪಶ್ಚಿಮಕ್ಕೆ ಹೋಗಿ, ಮೂರು ಲಕ್ಷ ಮೀರಿದ್ದ ಜನಸಂಖ್ಯೆ ಎರಡೂವರೆ ಲಕ್ಷಕ್ಕಿಂತ ಕೆಳಗಿಳಿದ ಊರಿನ ನೋವು ಒಂದು ಪ್ರತಿಮೆಯ ಚಿತ್ರದಲ್ಲಿ ಕಾಣುವುದಿಲ್ಲ.

ವೀಣಾ: ಆ ಮಾತನ್ನು ಒಪ್ಪುತ್ತೇನೆ. ಆದ್ದರಿಂದಲೇ 2025ರಲ್ಲಿ ಕೆಮ್ನಿಟ್ಸ್ ಯುರೋಪಿನ ಸಾಂಸ್ಕೃತಿಕ ರಾಜಧಾನಿಯಾದಾಗ ನನಗೆ ಹಿಡಿಸಿದ್ದು ಗ್ಯಾರೇಜುಗಳ ಯೋಜನೆ. ಕಾರಿಗೆ ಹತ್ತಾರು ವರ್ಷ ಕಾಯಬೇಕಿದ್ದ ಕಾಲದಲ್ಲಿ ಜನ ನೆರೆಹೊರೆಯವರೊಡನೆ ಸೇರಿ ತಾವೇ ಇಟ್ಟಿಗೆಯಿಟ್ಟು ಕಟ್ಟಿಕೊಂಡ ಗ್ಯಾರೇಜುಗಳವು. ಸ್ವಂತ ಕೈಯಿಂದ ಪೂರ್ವ ಜರ್ಮನಿಯ ಟ್ರಬಾಂಟ್ ಕಾರನ್ನು ರಿಪೇರಿ ಮಾಡಿಕೊಳ್ಳುತ್ತಿದ್ದವರ ನೆನಪುಗಳನ್ನು ನಗರವು ಪ್ರದರ್ಶನಕ್ಕೆ ಇಟ್ಟಿತು. ನಿಶೆಲ್ ಇರಲಿ, ಆದರೆ ಈ ಊರನ್ನು ತಿಳಿಯಬೇಕೆಂದು ಬರುವವರಿಗೆ ನಾನು ಮೊದಲು ತೋರಿಸುವುದು ಆ ಗ್ಯಾರೇಜುಗಳ ಸಾಲನ್ನು.