ದೊಡ್ಡಪ್ಪ, ರೋಸ್ಕಿಲ್ಡೆಗೆ ಒಂದು ಪೂರ್ತಿ ದಿನ ಯಾಕೆ ಇಟ್ಟೆ ಅಂದ್ರೆ

ದೊಡ್ಡಪ್ಪ, ನಮಸ್ಕಾರ. ಗ್ರೂಪಿನಲ್ಲಿ ಬೆಳಗ್ಗೆ ನೀವು ಹಾಕಿದ ಮೆಸೇಜ್ ಈಗ ಕೆಲಸ ಮುಗಿಸಿ ನೋಡಿದೆ. ಜೂನ್ ತಿಂಗಳ ಪ್ಲಾನಿನಲ್ಲಿ ಇಲ್ಲಿ ಡೆನ್ಮಾರ್ಕಿನ ರೋಸ್ಕಿಲ್ಡೆ ಅನ್ನುವ ಊರಿನ ಚರ್ಚಿಗೆ ಒಂದು ಪೂರ್ತಿ ದಿನ ಅಂತ ನಾನು ಬರೆದಿದ್ದೆ. ಅದಕ್ಕೆ ನೀವು, "ಗೋರಿಗಳಿರೋ ಜಾಗಕ್ಕೆ ಒಂದು ದಿನ ಯಾಕಮ್ಮಾ, ಕೋಪನ್‌ಹೇಗನ್‌ನಲ್ಲೇ ಸುತ್ತಾಡೋಣ" ಅಂದಿದ್ದೀರಿ. ಟೈಪ್ ಮಾಡಿ ಹೇಳುವಷ್ಟು ಚಿಕ್ಕ ವಿಷಯ ಅಲ್ಲ ಇದು. ಉದ್ದ ಆಗುತ್ತದೆ, ಕಾಫಿ ಹಿಡಿದುಕೊಂಡು ನಿಧಾನವಾಗಿ ಕೇಳಿ. ದೊಡ್ಡಮ್ಮನಿಗೂ ಕೇಳಿಸಿ.

ಮೊದಲು ದಾರಿ ಹೇಳಿಬಿಡುತ್ತೇನೆ. ಕೋಪನ್‌ಹೇಗನ್‌ನಿಂದ ಸುಮಾರು 30 ಕಿಲೋಮೀಟರ್, ರೈಲಿನಲ್ಲಿ ಅರ್ಧ ಗಂಟೆ ಕೂಡ ಹಿಡಿಯುವುದಿಲ್ಲ. ಬರೆಯುವುದು ರೋಸ್ಕಿಲ್ಡೆ ಅಂತ, ಇಲ್ಲಿನವರ ಬಾಯಲ್ಲಿ ಅದು ರೊಸ್ಕಿಲೆ. ಸ್ಟೇಷನ್‌ನಿಂದ ಚರ್ಚಿಗೆ ಹತ್ತು ನಿಮಿಷದ ನಡಿಗೆ.

ಈಗ ಮುಖ್ಯ ವಿಷಯ. ದೊಡ್ಡಪ್ಪ, ನೀವು ಮಾಲೂರಿನಲ್ಲಿ ಅಷ್ಟು ವರ್ಷ ಇಟ್ಟಿಗೆ ಗೂಡು ನಡೆಸಿದವರು. ಆ ಚರ್ಚ್ ನೋಡಿದ ಮೊದಲ ದಿನವೇ ನನಗೆ ನೆನಪಾದದ್ದು ನೀವು. ಯಾಕೆ ಅಂದ್ರೆ ಅದು ಇಡೀ ಇಟ್ಟಿಗೆಯ ಕಟ್ಟಡ. ಸುಮಾರು 1170ರ ದಶಕದಲ್ಲಿ ಶುರು ಮಾಡಿದ್ದು. ರೋಸ್ಕಿಲ್ಡೆ ಇರುವ ಈ ದ್ವೀಪದಲ್ಲಿ ಕಟ್ಟಡಕ್ಕೆ ಒಗ್ಗುವ ಒಳ್ಳೆಯ ಕಲ್ಲು ಕಡಿಮೆ, ಆದರೆ ಜೇಡಿಮಣ್ಣು ಬೇಕಾದಷ್ಟು ಇದೆ. ಇಟ್ಟಿಗೆ ಸುಡುವ ವಿದ್ಯೆ ಉತ್ತರ ಇಟಲಿ ಕಡೆಯಿಂದ ಇಲ್ಲಿಗೆ ಬಂದದ್ದು ಆ ಶತಮಾನದಲ್ಲೇ. ಕೆಲಸ ಶುರು ಮಾಡಿಸಿದವನು ಬಿಷಪ್ ಅಬ್ಸಲೋನ್. ಅವನು ದಪ್ಪ ಗೋಡೆ, ಅರೆವೃತ್ತದ ಕಮಾನು ಇರುವ ಹಳೆಯ ಶೈಲಿಯಲ್ಲಿ ಶುರು ಮಾಡಿದ್ದ. ಅವನ ನಂತರ ಬಂದ ಪೀಡರ್ ಸೂನೆಸನ್ ಪ್ಯಾರಿಸ್‌ನಲ್ಲಿ ಓದಿಕೊಂಡು ಬಂದವನು. ಅಲ್ಲಿ ಏಳುತ್ತಿದ್ದ ಎತ್ತರದ ಗಾಥಿಕ್ ಚರ್ಚುಗಳನ್ನು ಕಣ್ಣಾರೆ ಕಂಡಿದ್ದ. ಅರ್ಧ ಎದ್ದ ಗೋಡೆಯ ಮೇಲೇ ಹೊಸ ಲೆಕ್ಕ ಹಾಕಿ, ತುದಿ ಚೂಪಾದ ಕಮಾನುಗಳನ್ನು ಎಬ್ಬಿಸಿದರು. ಫ್ರಾನ್ಸಿನಲ್ಲಿ ಕಲ್ಲಿನಲ್ಲಿ ಮಾಡಿದ್ದನ್ನು ಇವರು ಮಣ್ಣು ಸುಟ್ಟು ಮಾಡಿದರು! ಉತ್ತರ ಯುರೋಪಿನಲ್ಲಿ ಇಟ್ಟಿಗೆಯ ಗಾಥಿಕ್ ಕಟ್ಟಡಗಳು ಹರಡಿದ್ದೇ ಇಂಥ ಕಡೆಯಿಂದ. 1995ರಲ್ಲಿ ಈ ಚರ್ಚ್ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ದಕ್ಕೂ ಅದೇ ಕಾರಣ.

ಒಳಗೆ ಹೋಗಿ ಮೇಲೆ ನೋಡಿದರೆ ಕತ್ತು ನೋಯುತ್ತದೆ. ಅಷ್ಟು ಎತ್ತರ. ನಾನು ಒಂದು ಮೂಲೆಯಲ್ಲಿ ಗೋಡೆಗೆ ಅಂಗೈ ಇಟ್ಟು ಸುಮ್ನೆ ನಿಂತಿದ್ದೆ. ಒಂದೊಂದು ಇಟ್ಟಿಗೆಯನ್ನೂ ಯಾರೋ ಅಚ್ಚಿಗೆ ಒತ್ತಿ, ಒಣಗಿಸಿ, ಸುಟ್ಟು, ಹೊತ್ತು ತಂದವರು. ಅವರ ಹೆಸರು ಎಲ್ಲೂ ಇಲ್ಲ. ಚಿಕ್ಕವಳಿದ್ದಾಗ ನಿಮ್ಮ ಗೂಡಿನ ಪಕ್ಕ ಸಾಲಾಗಿ ಒಣಗುತ್ತಿದ್ದ ಹಸಿ ಇಟ್ಟಿಗೆಗಳನ್ನು ಎಣಿಸುತ್ತಿದ್ದೆ, ಅದೇ ಕಣ್ಣ ಮುಂದೆ ಬಂತು.

ಗೋರಿಗಳ ವಿಷಯ. ಹೌದು, ಸುಮಾರು 40 ರಾಜ ರಾಣಿಯರು ಇಲ್ಲಿದ್ದಾರೆ. ಆದರೆ ಅದು ಸ್ಮಶಾನದ ಹಾಗೆ ಅನ್ನಿಸುವುದಿಲ್ಲ ದೊಡ್ಡಪ್ಪ. ನಮ್ಮ ಹಳೇ ಮನೆಗೆ ಮುತ್ತಾತ ಒಂದು ಕೋಣೆ, ತಾತ ಒಂದು ಜಗಲಿ, ನೀವು ಒಂದು ಹಜಾರ ಸೇರಿಸಿದ ಹಾಗೆ, ಒಂದೊಂದು ತಲೆಮಾರು ಪಕ್ಕಕ್ಕೆ ಒಂದೊಂದು ಕೋಣೆ ಸೇರಿಸುತ್ತಾ ಬಂದಿದೆ. ಒಂದು ಕೋಣೆ 1460ರ ದಶಕದ್ದು, ಗೋಡೆ ತುಂಬ ಚಿತ್ರ. ಇನ್ನೊಂದು ಪೂರ್ತಿ ಬಿಳಿ, 1825ರಲ್ಲಿ ಮುಗಿದದ್ದು. 1972ರಲ್ಲಿ ತೀರಿಕೊಂಡ ರಾಜ ಫ್ರೆಡರಿಕ್ 9 ಹೊರಗೆ, ಆಕಾಶದ ಕೆಳಗೆ ಮಲಗಿದ್ದಾನೆ.

ಚಿತ್ರ ಇರುವ ಆ ಕೋಣೆಯಲ್ಲಿ ಒಂದು ಕಂಬ ಇದೆ. ನಮ್ಮ ಮನೆಯಲ್ಲಿ ಬಾಗಿಲ ಪಕ್ಕ ಮಕ್ಕಳ ಎತ್ತರಕ್ಕೆ ಗೆರೆ ಹಾಕುತ್ತಿದ್ದೆವಲ್ಲ, ಹಾಗೆ ರಾಜರ ಎತ್ತರ ಗುರುತು ಹಾಕಿದ ಕಂಬ. ರಷ್ಯಾದ ದೊರೆ ಪೀಟರ್ ದಿ ಗ್ರೇಟ್‌ನ ಗೆರೆ 208 ಸೆಂಟಿಮೀಟರ್ ಹತ್ತಿರ ಇದೆ. ಅದಕ್ಕಿಂತ ಮೇಲೆ, ಸುಮಾರು 219ರಲ್ಲಿ, ಇಲ್ಲಿನ ರಾಜ ಕ್ರಿಶ್ಚಿಯನ್ 1. ಆಮೇಲೆ ಅವನ ಅಸ್ಥಿ ಅಳೆದು ನೋಡಿದಾಗ 188 ಸೆಂಟಿಮೀಟರ್ ಬಂತಂತೆ!

ದೊಡ್ಡಮ್ಮಾ, ನೀವು ನೋಡಲೇಬೇಕಾದವಳು ರಾಣಿ ಮಾರ್ಗ್ರೇಟ 1. ಮುಖ್ಯ ಪೀಠದ ಹಿಂದೆಯೇ ಇದ್ದಾಳೆ, ಬಿಳಿ ಕಲ್ಲಿನಲ್ಲಿ ಕೈ ಮುಗಿದು ಮಲಗಿದ ಮೂರ್ತಿ. 10 ವರ್ಷಕ್ಕೆ ನಾರ್ವೆಯ ರಾಜನಿಗೆ ಮದುವೆ ಮಾಡಿಕೊಟ್ಟರು. ಗಂಡ ಹೋದ. ಒಬ್ಬನೇ ಮಗ, 1387ರಲ್ಲಿ, ಇನ್ನೂ ಹುಡುಗನಾಗಿರುವಾಗಲೇ ಹೋದ. ಆಮೇಲೂ ಕುಗ್ಗದೆ ಡೆನ್ಮಾರ್ಕ್, ನಾರ್ವೆ, ಸ್ವೀಡನ್ ಮೂರನ್ನೂ 1397ರಲ್ಲಿ ಒಂದು ಮಾಡಿದಳು. 1412ರಲ್ಲಿ ಹಡಗಿನಲ್ಲೇ ಪ್ರಾಣ ಬಿಟ್ಟಳು. ಮೊದಲು ಸೋರೋ ಅನ್ನುವ ಊರಿನಲ್ಲಿ ಮಣ್ಣು ಮಾಡಿದ್ದರು. ಮರುವರ್ಷ ಇಲ್ಲಿನ ಬಿಷಪ್ ಹೋಗಿ ದೇಹವನ್ನೇ ಇಲ್ಲಿಗೆ ತಂದುಬಿಟ್ಟ. ಅವಳ ಮುಖ ತುಂಬ ಚಿಕ್ಕ ವಯಸ್ಸಿನದಾಗಿ ಕೆತ್ತಿದ್ದಾರೆ. ಅಲ್ಲಿ ನಿಂತಾಗ ನನಗೆ ಗಂಟಲು ಕಟ್ಟಿತು.

ಹತ್ತಿರದ ಕಂಬವೊಂದರ ಒಳಗೆ ರಾಜ ಸ್ವೆನ್ ಎಸ್ಟ್ರಿಡ್ಸನ್‌ನ ತಾಯಿ ಎಸ್ಟ್ರಿಡ್‌ಳನ್ನು ಸಮಾಧಿ ಮಾಡಿದ್ದಾರೆ ಅಂತ ಎಷ್ಟೋ ಶತಮಾನ ನಂಬಿದ್ದರು. 2003ರಲ್ಲಿ ಡಿಎನ್ಎ ಪರೀಕ್ಷೆ ಮಾಡಿದರೆ ಅವಳು ಆ ರಾಜನ ತಾಯಿಯೇ ಅಲ್ಲ. ಮತ್ತೆ ಯಾರು ಪಾಪ, ಯಾವ ಮನೆಯ ಹೆಣ್ಣುಮಗಳೋ.

ನೆನಪಿದೆಯಾ, ಕುಂಭಕೋಣಂ ಟೂರ್ ಹೋದಾಗ ತರಂಗಂಬಾಡಿಗೆ ಹೋಗಿದ್ದೆವು? ಸಮುದ್ರದ ದಡದಲ್ಲಿ ಡೇನಿಷರ ಕೋಟೆ, ನೀವು ಅಲ್ಲಿ ಕೂತು ಕಡಲೆಕಾಯಿ ತಿಂದಿದ್ದಿರಿ. 1620ರಲ್ಲಿ ತಂಜಾವೂರಿನ ರಘುನಾಥ ನಾಯಕನ ಜೊತೆ ಒಪ್ಪಂದ ಮಾಡಿಕೊಂಡು ಕಟ್ಟಿದ ಕೋಟೆ ಅದು. ಅವರನ್ನು ಕಳಿಸಿದ ರಾಜ ಕ್ರಿಶ್ಚಿಯನ್ 4 ಮಲಗಿರುವುದು ಇದೇ ಚರ್ಚಿನಲ್ಲಿ. ಚರ್ಚಿನ ಎರಡು ಚೂಪು ಶಿಖರಗಳೂ ಅವನ ಕಾಲದವೇ. ಅಲ್ಲಿ ಕಂಡದ್ದರ ಇನ್ನೊಂದು ತುದಿ ಇಲ್ಲಿದೆ. ಇದು ಗೊತ್ತಾದ ಮೇಲೆ ನಿಮ್ಮನ್ನು ಕರೆದುಕೊಂಡು ಹೋಗದೆ ಬಿಡಲು ನನಗೆ ಮನಸ್ಸಿಲ್ಲ.

ಇನ್ನೊಂದು ಕೋಣೆ ಈಗಿನ ಮಾರ್ಗ್ರೇಟ 2 ಅವರಿಗಾಗಿ ಕಾಯುತ್ತಿದೆ. 2024ರ ಜನವರಿಯಲ್ಲಿ ಮಗನಿಗೆ ಪಟ್ಟ ಬಿಟ್ಟುಕೊಟ್ಟರಲ್ಲ, ಅವರೇ. ಬದುಕಿರುವಾಗಲೇ ಗಾಜಿನ ಸಮಾಧಿ ಸಿದ್ಧ ಮಾಡಿಸಿದ್ದಾರೆ. ಅದನ್ನು ಹೊರುವ ಕಂಬಗಳ ಮೇಲೆ ಬೆಳ್ಳಿಯ ಆನೆ ತಲೆಗಳು. ಆನೆ ಈ ದೇಶದ ಅತಿ ದೊಡ್ಡ ಗೌರವದ ಗುರುತು.

ಗಂಟೆಗೆ ಐದು ನಿಮಿಷ ಮುಂಚೆ ಪಶ್ಚಿಮದ ಬಾಗಿಲ ಹತ್ತಿರ ನಿಲ್ಲೋಣ. 1500ರ ಸುಮಾರಿನ ಗಡಿಯಾರ ಇದೆ. ಕುದುರೆ ಮೇಲಿನ ಸಂತ ಜಾರ್ಜ್ ಡ್ರ್ಯಾಗನ್‌ಗೆ ಇರಿಯುತ್ತಾನೆ, ಅದು ಕಿರುಚುತ್ತದೆ. ಪಕ್ಕದಲ್ಲಿ ಪೀಡರ್ ಅನ್ನುವ ಗೊಂಬೆ ಗಂಟೆ ಹೊಡೆಯುತ್ತದೆ, ಕಿರ್‌ಸ್ಟನ್ ಅನ್ನುವ ಗೊಂಬೆ ಕಾಲು ಗಂಟೆಗಳನ್ನು. ದೊಡ್ಡಮ್ಮನಿಗೆ ಇದು ಖಂಡಿತ ಇಷ್ಟ ಆಗುತ್ತದೆ.

ಈಗಲೂ ಅಲ್ಲಿ ಪ್ರಾರ್ಥನೆ, ಮದುವೆ, ಶವಸಂಸ್ಕಾರ ಎಲ್ಲ ನಡೆಯುತ್ತದೆ, ಆಗ ನೋಡುವವರನ್ನು ಒಳಗೆ ಬಿಡುವುದಿಲ್ಲ. ನಾನು ಮೊದಲ ಸಲ ಹಾಗೇ ವಾಪಸ್ ಬಂದೆ. ಈ ಸಲ ಹಿಂದಿನ ದಿನವೇ ವಿಚಾರಿಸಿ, ಟಿಕೆಟ್ ನಾನೇ ತೆಗೆದಿಡುತ್ತೇನೆ. ದಾರಿಯಲ್ಲಿ ಉರುಟು ಕಲ್ಲಿನ ನೆಲ ಇದೆ, ದೊಡ್ಡಮ್ಮನ ಮಂಡಿಗೆ ಒಳ್ಳೆಯ ಶೂ ಬೇಕು. ಜೂನ್ ಆದರೂ ಇಬ್ಬರೂ ಸ್ವೆಟರ್ ತನ್ನಿ.

ಆಮೇಲೆ ದೊಡ್ಡಪ್ಪ, ಹಿತ್ತಲಿನಲ್ಲಿ ನಿಮ್ಮ ಗೂಡಿನ ಹಳೇ ಇಟ್ಟಿಗೆಗಳು ಇನ್ನೂ ಇವೆ ಅಲ್ವಾ? ಹೊರಡುವ ಮುಂಚೆ ಒಂದರ ಉದ್ದ, ಅಗಲ, ದಪ್ಪ ಅಳೆದು ಬರೆದುಕೊಂಡು ಬನ್ನಿ. ಟೇಪು ನನ್ನ ಹತ್ತಿರ ಇದೆ.