ಎರಕದ ಸೀಸದ ಗುಂಡುಗಳು ಚದುರುತ್ತಿವೆ: ತಿಳಿದವರ ಸಹಾಯ ಬೇಕು

ನಮಸ್ಕಾರ. ಅಮೆರಿಕದ ಮೊಂಟಾನಾದಲ್ಲಿರುವ ನಾನು ನನ್ನ 30-30 ಅಳತೆಯ ತೋಟಾದ, ಸನ್ನೆ ಎಳೆದು ತೋಟಾ ಏರಿಸುವ (ಲಿವರ್ ಆಕ್ಷನ್) ರೈಫಲ್‌ಗೆ ಎರಡು ವರ್ಷಗಳಿಂದ ತೋಟಾಗಳನ್ನು ಮನೆಯಲ್ಲೇ, ಮುದ್ರಿತ ಕೈಪಿಡಿಯ ಅಳತೆಗಳನ್ನು ಮೀರದೆ ತುಂಬಿಕೊಳ್ಳುತ್ತಿದ್ದೇನೆ. ಕೊಳವೆಯಾಕಾರದ ಮ್ಯಾಗಜೀನ್‌ನಲ್ಲಿ ಒಂದು ಗುಂಡಿನ ಮೂತಿ ಮುಂದಿನ ತೋಟಾದ ಪ್ರೈಮರ್‌ಗೆ (ಹೊಡೆತ ಬಿದ್ದರೆ ಸಿಡಿದು ಮದ್ದು ಹೊತ್ತಿಸುವ ಭಾಗಕ್ಕೆ) ಒತ್ತಿಕೊಂಡಿರುವುದರಿಂದ ಚಪ್ಪಟೆ ಮೂತಿಯ ಗುಂಡುಗಳನ್ನು ಮಾತ್ರ ಬಳಸುತ್ತೇನೆ. ಈ ವಿಷಯದಲ್ಲಿ ರಾಜಿಯೇ ಇಲ್ಲ.

ತಾಮ್ರದ ಕವಚವಿರುವ 0.308 ಇಂಚಿನ ಗುಂಡುಗಳು 100 ಗಜ ದೂರದಲ್ಲಿ ಒತ್ತೊತ್ತಾಗಿ ಬೀಳುತ್ತವೆ. ಆದರೆ ನಾನೇ ಎರಕ ಹೊಯ್ದು, 0.309 ಇಂಚಿಗೆ ಸೈಜ್ ಮಾಡಿ (ಅಳತೆಗೆ ತಂದು), ಗ್ಯಾಸ್ ಚೆಕ್ (ಗುಂಡಿನ ತಳಕ್ಕೆ ಹಾಕುವ ಲೋಹದ ಪುಟ್ಟ ಬಟ್ಟಲು) ಕೂರಿಸಿ, ಲ್ಯೂಬ್ (ಜಾರುಮೇಣ) ಹಚ್ಚಿದ ಸೀಸದ ಗುಂಡುಗಳು ಹತ್ತು ಹನ್ನೆರಡು ಸುತ್ತುಗಳೊಳಗೆ ಚದುರತೊಡಗುತ್ತವೆ, ಮತ್ತು ಬ್ಯಾರೆಲ್‌ನೊಳಗೆ, ವಿಶೇಷವಾಗಿ ಚೇಂಬರ್‌ನ (ತೋಟಾ ಕೂರುವ ಜಾಗದ) ಸಮೀಪ, ಸೀಸ ಅಂಟಿಕೊಂಡಿರುವುದು ಕಾಣುತ್ತದೆ. ಮಿಶ್ರಲೋಹವನ್ನು ಗಟ್ಟಿಗೊಳಿಸಿದೆ, ಲ್ಯೂಬ್ ಬದಲಿಸಿದೆ, ಮದ್ದನ್ನು ಕೈಪಿಡಿಯ ಆರಂಭಿಕ ಪ್ರಮಾಣಕ್ಕೆ ಇಳಿಸಿದೆ, ಫಲ ಸಿಗಲಿಲ್ಲ. ಮೃದುವಾದ ಸೀಸದ ತುಂಡೊಂದನ್ನು ಬ್ಯಾರೆಲ್‌ನಲ್ಲಿ ಹಾಯಿಸಿ ಅಳೆದಾಗ ಗ್ರೂವ್‌ಗಳ (ಬ್ಯಾರೆಲ್ ಒಳಗೋಡೆಯ ಸುರುಳಿ ಗಾಡಿಗಳ) ವ್ಯಾಸ 0.3085 ಇಂಚು ಬಂದಿತು.

ನನ್ನ ಗೊಂದಲ ಇರುವುದು ಇಲ್ಲಿಯೇ. ಗುಂಡು ಗ್ರೂವ್‌ಗಿಂತ ಸಾಕಷ್ಟು ದಪ್ಪವಿಲ್ಲದೆ ಬಿಸಿ ಅನಿಲ ಪಕ್ಕದಿಂದ ನುಸುಳಿ ಸೀಸವನ್ನು ಕರಗಿಸುತ್ತಿರಬಹುದು. ಅಥವಾ ಕವಚದ ಗುಂಡುಗಳು ಉಳಿಸಿದ ತಾಮ್ರದ ಪದರವೇ ಸೀಸವನ್ನು ಹಿಡಿದುಕೊಳ್ಳುತ್ತಿರಬಹುದು. ಎರಡೂ ಬಗೆಯ ಗುಂಡುಗಳನ್ನು ಒಂದೇ ರೈಫಲ್‌ನಲ್ಲಿ ಬಳಸಿ ಅನುಭವವಿರುವವರು ದಯವಿಟ್ಟು ತಿಳಿಸಿ: ನಾನು ಮೊದಲು ತಾಮ್ರವನ್ನು ಪೂರ್ತಿಯಾಗಿ ತೆಗೆಯಬೇಕೇ, ಇಲ್ಲವೇ ಗುಂಡನ್ನು 0.310 ಇಂಚಿಗೆ ಏರಿಸಬೇಕೇ? ಏರಿಸಿದರೆ ಕೇಸ್‌ನ (ತೋಟಾದ ಲೋಹದ ಕೋಶದ) ಕುತ್ತಿಗೆ ಚೇಂಬರ್‌ನಲ್ಲಿ ಬಿಗಿಯಾಗುವುದಿಲ್ಲವೆಂದು ಹೇಗೆ ಖಚಿತಪಡಿಸಿಕೊಳ್ಳಲಿ?